ಅಪ್‌ಡೇಟ್ ಆದ ಮರುದಿನ ಪಂಪು ಓಡದಿದ್ದರೆ
ಕಂಪ್ಯೂಟರಿಗೆ ಜೋಡಿಸಿದ ಸ್ವಯಂಚಾಲಿತ ಬೋರ್ಡುಗಳ ದೋಷ ಹುಡುಕುವ ಪಾಠ



ತೋಟದ ಮನೆಗಳಲ್ಲಿ ಈಚೆಗೆ ಕಾಣಸಿಗುವ ಒಂದು ಏರ್ಪಾಡು ನಿಮ್ಮಲ್ಲಿ ಹಲವರಿಗೆ ಪರಿಚಿತವೇ. ಜಗಲಿಯ ಮೂಲೆಯಲ್ಲಿ ಮಕ್ಕಳು ಬಳಸಿ ಬಿಟ್ಟ ಹಳೆಯ ಕಂಪ್ಯೂಟರು. ಅದರಿಂದ ಹೊರಟ ಯು.ಎಸ್.ಬಿ. ತಂತಿಯ ತುದಿಯಲ್ಲಿ ಅಂಗೈಯಗಲದ ಒಂದು ಬೋರ್ಡು. ಬೋರ್ಡಿನ ಮೇಲೆ ನಾಲ್ಕು ರಿಲೇ: ಒಂದು ಪಂಪಿನ ಸ್ಟಾರ್ಟರಿಗೆ, ಒಂದು ಅಂಗಳದ ದೀಪಕ್ಕೆ, ಒಂದು ಗೇಟಿನ ಗಂಟೆಗೆ, ಇನ್ನೊಂದು ಖಾಲಿ. ಕಾಲೇಜಿನಲ್ಲಿ ಓದುವ ಊರ ಹುಡುಗನೊಬ್ಬ ಕಟ್ಟಿಕೊಟ್ಟಿರುತ್ತಾನೆ. ಪಂಪ್‌ಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ, ಅದೂ ಎಷ್ಟೋ ಸಲ ನಡುರಾತ್ರಿಯಲ್ಲಿ ಬರುವ ನಮ್ಮ ಸೀಮೆಯಲ್ಲಿ, ಟಾರ್ಚು ಹಿಡಿದು ಬಾವಿಕಟ್ಟೆಗೆ ಓಡುವ ಕಷ್ಟವನ್ನು ಈ ಬೋರ್ಡು ತಪ್ಪಿಸಿದೆ ಎಂಬುದರಲ್ಲಿ ಸಂಶಯವಿಲ್ಲ.

ಇದನ್ನು ಬರೆಯುತ್ತಿರುವವನು ಕುಂದಗೋಳದವನು. ನಮ್ಮದು ಎರೆಭೂಮಿ, ಹತ್ತಿ-ಮೆಣಸಿನಕಾಯಿಯ ಸೀಮೆ. ಕಾಫಿಯನ್ನು ಲೋಟದಲ್ಲಿ ಮಾತ್ರ ಕಂಡವರು ನಾವು. ಆದರೆ ಕಲಘಟಗಿ ದಾಟಿ ಮುಂದೆ ಹೋದರೆ ಯಲ್ಲಾಪುರ, ಶಿರಸಿಯ ಅಡಿಕೆ ತೋಟಗಳು; ಹೆಸ್ಕಾಂ ತಂತಿಯೇ ಕುಂದಗೋಳಕ್ಕೂ ಬರುತ್ತದೆ, ಶಿರಸಿಗೂ ಹೋಗುತ್ತದೆ. ಇಂಥ ಬೋರ್ಡುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ರಿಪೇರಿಗೆ ತರುವವರು ಎಲ್ಲಿಯವರೇ ಇರಲಿ, ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಕಲಘಟಗಿ ಕಡೆಯವರ ಬಾಯಲ್ಲಿ ಅದು ಹೀಗಿರುತ್ತದೆ: “ನಿನ್ನಿ ಸಂಜೀತನಾ ಚಲೋ ಇತ್ರಿ. ರಾತ್ರಿ ಕಂಪ್ಯೂಟರು ತಾನ ಅಪ್‌ಡೇಟ್ ಆತು. ಮುಂಜಾನೆದ್ದು ನೋಡಿದ್ರ ಬೋರ್ಡು ಸತ್ತಿತ್ರೀ.”

ಬಹುಪಾಲು ಬೋರ್ಡು ಸತ್ತಿರುವುದಿಲ್ಲ. ಅದನ್ನು ಮಾತನಾಡಿಸುವ ವ್ಯವಸ್ಥೆ ಮಾತ್ರ ಕೆಟ್ಟಿರುತ್ತದೆ. ಇದು ತಿಳಿಯದೆ ಬೋರ್ಡನ್ನು ಎಸೆದು, ಹೊಸದನ್ನು ತರಿಸಿ, ಅದೂ ಓಡದೆ ಒಂದು ವಾರ ಕಳೆದವರುಂಟು. ಮಾರ್ಚಿಯಿಂದ ಮೇ ತನಕ ಅಡಿಕೆಗೆ 3ರಿಂದ 5 ದಿನಕ್ಕೊಮ್ಮೆ ನೀರು ಬೇಕು. ರೋಬಸ್ಟಾ ಕಾಫಿಗೆ ತುಂತುರು ನೀರು ಕೊಟ್ಟು ಹೂವು ಅರಳಿಸಿದ ಮೇಲೆ ಎರಡನೆಯ ನೀರು ತಡವಾದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಕಂಪ್ಯೂಟರಿನ ಮುನಿಸು ತೀರುವವರೆಗೆ ಗಿಡ ಕಾಯುವುದಿಲ್ಲ.

ಆದಕಾರಣ ಮೊದಲ ಕೆಲಸ ನೀರು, ಎರಡನೆಯದು ಕಂಪ್ಯೂಟರು. ಸ್ಟಾರ್ಟರಿನ ಹಸಿರು-ಕೆಂಪು ಗುಂಡಿಗಳು ರಿಲೇಯ ಹಂಗಿಲ್ಲದೆ ಕೈಯಿಂದಲೇ ಕೆಲಸ ಮಾಡುವಂತಿರಬೇಕು. ಕೈ-ಸ್ವಯಂಚಾಲಿತ ಎಂಬ ಎರಡು ಸ್ಥಾನಗಳ ಸ್ವಿಚ್ಚನ್ನು ಪೆಟ್ಟಿಗೆಯಲ್ಲಿ ಹಾಕಿಸದವರು ಮೊದಲು ಅದನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ಹಾಕಿಸಿಕೊಳ್ಳತಕ್ಕದ್ದು. ಮುಂದೆ ಹೇಳುವ ಪರೀಕ್ಷೆಗಳನ್ನೆಲ್ಲ ಈ ಸ್ವಿಚ್ಚನ್ನು ‘ಕೈ’ ಸ್ಥಾನದಲ್ಲಿಟ್ಟು, ರಿಲೇಗೆ ಪಂಪಿನ ಸಂಬಂಧವೇ ಇಲ್ಲದಂತೆ ಮಾಡಿಕೊಂಡೇ ನಡೆಸಬೇಕು. ಇದು ಬರಿಯ ಎಚ್ಚರಿಕೆಯ ಮಾತಲ್ಲ: ಆರ್ಡುಯಿನೊ ಉನೊದಂಥ ಬೋರ್ಡು, ಕಂಪ್ಯೂಟರು ಅದರ ಪೋರ್ಟನ್ನು ತೆರೆದ ಕೂಡಲೇ ಒಮ್ಮೆ ನಿಂತು ಮೊದಲಿನಿಂದ ಶುರುವಾಗುತ್ತದೆ. ಆ ಕ್ಷಣದಲ್ಲಿ ರಿಲೇ ಟಕ್ಕೆಂದು ಬಡಿದುಕೊಂಡರೆ, ಬಾವಿಯಲ್ಲಿ ಕೈಯಿಟ್ಟವರ ಗತಿ ಹೇಳಬೇಕಾಗಿಲ್ಲ.

ಡ್ರೈವರ್ ಎಂದರೇನು?

ಇಲ್ಲಿ ಡ್ರೈವರ್ ಎಂದರೆ ಜೀಪು ಓಡಿಸುವವನಲ್ಲ, ದುಭಾಷಿ. ಕಂಪ್ಯೂಟರಿನ ಭಾಷೆ ಬೋರ್ಡಿಗೆ ತಿಳಿಯದು, ಬೋರ್ಡಿನದು ಕಂಪ್ಯೂಟರಿಗೆ ತಿಳಿಯದು. ನಡುವೆ ನಿಂತು ಅನುವಾದಿಸುವ ಸಣ್ಣ ಪ್ರೋಗ್ರಾಮೇ ಡ್ರೈವರ್. ಹಿಂದಿನ ಕಂಪ್ಯೂಟರುಗಳ ಬೆನ್ನಿಗೆ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟು ಇರುತ್ತಿತ್ತು. ಅದು ಮಾಯವಾಗಿ ಯು.ಎಸ್.ಬಿ. ಬಂದ ಮೇಲೆ, ಎರಡನ್ನೂ ಕೂಡಿಸುವ ಪರಿವರ್ತಕ ಚಿಪ್ಪು ಬೇಕಾಯಿತು. ನಿಮ್ಮ ಬೋರ್ಡಿನ ಯು.ಎಸ್.ಬಿ. ಬಾಯಿಯ ಪಕ್ಕದಲ್ಲಿರುವ ಕರಿಯ ಚೌಕ ಬಹಳಮಟ್ಟಿಗೆ ಅದೇ. ಆ ಚಿಪ್ಪು ತಯಾರಿಸುವವರಲ್ಲಿ ನಾಲ್ವರು ನಮಗೆ ಮುಖ್ಯ: ಸ್ಕಾಟ್ಲೆಂಡಿನ ಎಫ್.ಟಿ.ಡಿ.ಐ., ತೈವಾನಿನ ಪ್ರೊಲಿಫಿಕ್, ಅಮೆರಿಕದ ಸಿಲಿಕಾನ್ ಲ್ಯಾಬ್ಸ್, ಹಾಗೂ ಸಿ.ಎಚ್. 340 ಎಂಬ ಅಗ್ಗದ ಚಿಪ್ಪನ್ನು ಮಾಡುವ ಚೀನದ ಕಂಪನಿ. ನಾಲ್ವರಿಗೂ ಬೇರೆ ಬೇರೆ ದುಭಾಷಿ. ವಿಂಡೋಸ್ ತನ್ನ ಅಪ್‌ಡೇಟಿನ ಜೊತೆಗೆ ಹಳೆಯ ದುಭಾಷಿಯನ್ನು ಕಳಿಸಿ ಹೊಸಬನನ್ನು ತಂದು ಕೂರಿಸಿದಾಗ ತಕರಾರು ಏಳುತ್ತದೆ.

ಹುಡುಕುವ ಕ್ರಮ

ಡ್ರೈವರನ್ನು ಮುಟ್ಟುವ ಮೊದಲು ಪರದೆಯನ್ನು ನೋಡಿ. ಅಪ್‌ಡೇಟ್ ಮುಗಿದು ಕಂಪ್ಯೂಟರು ತಾನಾಗಿ ಮರುಪ್ರಾರಂಭವಾಗಿ, ಗುಪ್ತಪದ ಕೇಳುತ್ತ ನಿಂತಿರಬಹುದು. ನೀವು ಒಳಗೆ ಪ್ರವೇಶಿಸಿದ ಮೇಲೆಯೇ ಶುರುವಾಗುವ ಪಂಪಿನ ಪ್ರೋಗ್ರಾಂ ಆಗ ಶುರುವಾಗಿರುವುದೇ ಇಲ್ಲ. ನಗಬೇಡಿ, ಇಷ್ಟಕ್ಕೇ ಹುಬ್ಬಳ್ಳಿಯವರೆಗೆ ಬಸ್ಸು ಹತ್ತಿ ಬಂದವರಿದ್ದಾರೆ.

ಅದಲ್ಲವೆಂದಾದರೆ ತಂತಿ ಬದಲಿಸಿ. ಮೊಬೈಲಿನ ಕೆಲವು ತಂತಿಗಳಲ್ಲಿ ಚಾರ್ಜಿನ ಎಳೆಗಳು ಮಾತ್ರ ಇದ್ದು ಮಾಹಿತಿಯ ಎಳೆಗಳೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಮಾತು ಹೊರಡದು. ಬಳಿಕ ಬೋರ್ಡನ್ನು ನೆರೆಮನೆಯ ಕಂಪ್ಯೂಟರಿಗೆ ಚುಚ್ಚಿ ನೋಡಿ. ಅಲ್ಲಿ ಗುರುತು ಸಿಕ್ಕರೆ ಬೋರ್ಡು ಆರೋಗ್ಯವಾಗಿದೆ, ದೋಷ ನಿಮ್ಮ ಕಂಪ್ಯೂಟರಿನಲ್ಲಿದೆ ಎಂದು ನಿಶ್ಚಯಿಸಬಹುದು.

ಇನ್ನು ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಬದಿಯನ್ನು ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಅದರಲ್ಲಿ ‘ಪೋರ್ಟ್ಸ್’ ಎಂಬ ಸಾಲಿದೆ. ನಿಮ್ಮ ಬೋರ್ಡು ಅಲ್ಲಿ ಯಾವ ದೋಷಚಿಹ್ನೆಯೂ ಇಲ್ಲದೆ ಇದ್ದು, ಪಂಪು ಮಾತ್ರ ಓಡದಿದ್ದರೆ, ಹೆಸರಿನ ಮುಂದಿರುವ ಸಂಖ್ಯೆಯನ್ನು ಗಮನಿಸಿ. ಮೊದಲು ‘ಕಾಮ್ 3’ ಇದ್ದದ್ದು ಈಗ ‘ಕಾಮ್ 7’ ಆಗಿರಬಹುದು. ಡ್ರೈವರ್ ಬದಲಾದಾಗ, ಅಥವಾ ತಂತಿಯನ್ನು ಬೇರೆ ತೂತಿಗೆ ಚುಚ್ಚಿದಾಗ ಹೀಗಾಗುತ್ತದೆ. ಪ್ರೋಗ್ರಾಂ ಪಾಪ ಹಳೆಯ ಮನೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ. ಬೋರ್ಡಿನ ಹೆಸರಿನ ಮೇಲೆ ಎರಡು ಸಲ ಒತ್ತಿ, ‘ಪೋರ್ಟ್ ಸೆಟ್ಟಿಂಗ್ಸ್’, ಅದರೊಳಗೆ ‘ಅಡ್ವಾನ್ಸ್ಡ್’ ಎಂಬಲ್ಲಿಗೆ ಹೋದರೆ ಹಳೆಯ ಸಂಖ್ಯೆಯನ್ನು ಮರಳಿ ಕೊಡಬಹುದು. ಸಂಖ್ಯೆ ಸರಿಯಿದ್ದೂ ಓಡದಿದ್ದರೆ ಬೇರೊಂದು ಪ್ರೋಗ್ರಾಂ ಅದೇ ಪೋರ್ಟನ್ನು ಹಿಡಿದಿಟ್ಟಿದೆಯೇ ನೋಡಿ. ಒಂದು ಹೊತ್ತಿಗೆ ಒಂದು ಪೋರ್ಟಿಗೆ ಒಬ್ಬನೇ ಒಡೆಯ.

ಹೆಸರಿನ ಮೇಲೆ ಹಳದಿ ತ್ರಿಕೋನ ಕಂಡರೆ ಜಗಳ ದುಭಾಷಿಯದೇ. ಎರಡು ಸಲ ಒತ್ತಿ ‘ಡ್ರೈವರ್’ ಹಾಳೆಗೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಿಂದಿನವನು ಮರಳಿ ಬರುತ್ತಾನೆ. ಆ ಗುಂಡಿ ಮಂಕಾಗಿದ್ದು ಒತ್ತಲು ಬಾರದಿದ್ದರೆ ‘ಅಪ್‌ಡೇಟ್ ಡ್ರೈವರ್’ ಒತ್ತಿ, ತಾನಾಗಿ ಹುಡುಕುವುದನ್ನು ಬಿಟ್ಟು, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ದಾರಿ ಹಿಡಿಯಿರಿ. ಹಳೆಯ ತಾರೀಖಿನ ಡ್ರೈವರ್ ಅಲ್ಲಿದ್ದರೆ ಅದನ್ನೇ ಆರಿಸಿ.

ಚಿಪ್ಪಿನ ಗುರುತು, ಚಿಪ್ಪಿನ ಜಗಳ

ಹಳದಿ ತ್ರಿಕೋನದ ಹಿಂದೆ ಎಷ್ಟೋ ಸಲ ಒಂದು ದೊಡ್ಡ ವ್ಯಾಜ್ಯವಿರುತ್ತದೆ. ಅದನ್ನು ತಿಳಿಯಲು ಅದೇ ಕಿಟಕಿಯ ‘ಡೀಟೇಲ್ಸ್’ ಹಾಳೆಯಲ್ಲಿ ‘ಹಾರ್ಡ್‌ವೇರ್ ಐಡಿ’ ನೋಡಿ. ಅಲ್ಲಿ ‘ವಿ.ಐ.ಡಿ.’ ಎಂಬುದರ ಮುಂದೆ ಕಾಣುವ ನಾಲ್ಕು ಅಕ್ಷರಗಳು ತಯಾರಕನ ಗುರುತು. 0403 ಎಂದಿದ್ದರೆ ಎಫ್.ಟಿ.ಡಿ.ಐ., 067ಬಿ ಎಂದಿದ್ದರೆ ಪ್ರೊಲಿಫಿಕ್, 10ಸಿ4 ಸಿಲಿಕಾನ್ ಲ್ಯಾಬ್ಸ್, 1ಎ86 ಸಿ.ಎಚ್. 340ರ ಕಂಪನಿ.

ಇದೇ ಗುರುತಿನ ಸುತ್ತ 2014ರ ಅಕ್ಟೋಬರಿನಲ್ಲಿ ಜಗತ್ತಿನಾದ್ಯಂತ ಗದ್ದಲವೆದ್ದಿತು. ಎಫ್.ಟಿ.ಡಿ.ಐ. ಚಿಪ್ಪನ್ನು ಹೋಲುವ ನಕಲಿ ಚಿಪ್ಪುಗಳು ಮಾರುಕಟ್ಟೆಯಲ್ಲಿ ತುಂಬಿದ್ದವು. ಆ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟಿನ ಮೂಲಕವೇ ಮನೆಮನೆಗೆ ಬಂತು. ನಕಲಿ ಚಿಪ್ಪು ಕಂಡಲ್ಲಿ, ಅದರ ಒಳಗೇ ಬರೆದಿದ್ದ 6001 ಎಂಬ ಉತ್ಪನ್ನ ಸಂಖ್ಯೆಯನ್ನು ಅಳಿಸಿ 0000 ಎಂದು ಬರೆದುಬಿಟ್ಟಿತು. ಹೆಸರು ಕಳೆದುಕೊಂಡ ಚಿಪ್ಪನ್ನು ಆ ಕಂಪ್ಯೂಟರಿನ ಮಾತಿರಲಿ, ಯಾವ ಕಂಪ್ಯೂಟರೂ ಗುರುತಿಸದಾಯಿತು. ನೆರೆಮನೆಯಲ್ಲಿ ಚುಚ್ಚಿ ನೋಡುವ ಪರೀಕ್ಷೆ ಕೂಡ ಇಲ್ಲಿ ಸೋಲುತ್ತದೆ. ಪ್ರತಿಭಟನೆ ಎದ್ದ ಮೇಲೆ ಆ ಡ್ರೈವರನ್ನು ಹಿಂತೆಗೆಯಲಾಯಿತು. 2016ರಲ್ಲಿ ಬಂದ ಇನ್ನೊಂದು ಡ್ರೈವರ್ ಸಂಖ್ಯೆ ಅಳಿಸಲಿಲ್ಲ. ನಕಲಿ ಚಿಪ್ಪಿನಿಂದ ಬರಬೇಕಾದ ಮಾಹಿತಿಯ ಬದಲು ‘ಇದು ಅಸಲಿ ಉಪಕರಣವಲ್ಲ’ ಎಂಬ ಇಂಗ್ಲಿಷ್ ವಾಕ್ಯವನ್ನು ಸುರಿಯತೊಡಗಿತು. ನೀರಿನ ಮಟ್ಟ ಎಷ್ಟೆಂದು ಕೇಳಿದ ಪ್ರೋಗ್ರಾಮಿಗೆ ಇಂಥ ಉತ್ತರ ಬಂದರೆ ಅದು ಮಾಡುವುದೇನು?

ನಕಲಿ ಮಾಡುವುದು ಕಳ್ಳತನ, ಸಂದೇಹವಿಲ್ಲ. ಆದರೆ ಕೊಂಡವನ ಕೈಯಲ್ಲಿರುವ ಉಪಕರಣವನ್ನು ಹಾಳುಗೆಡಹುವುದು, ಕಳಪೆ ಬೀಜ ಮಾರಿದವನನ್ನು ಬಿಟ್ಟು ಅದನ್ನು ಬಿತ್ತಿದ ರೈತನ ಹೊಲಕ್ಕೆ ಬೆಂಕಿಯಿಟ್ಟಂತೆ ಎಂದೇ ಈ ಲೇಖಕನ ಅಭಿಪ್ರಾಯ. ಬೋರ್ಡಿನೊಳಗಿನ ಕರಿಯ ಚೌಕ ಅಸಲಿಯೋ ನಕಲಿಯೋ ಎಂದು ಅಂಗಡಿಯಲ್ಲಿ ನಿಂತು ಹೇಳಬಲ್ಲ ಬೆಳೆಗಾರ ಯಾರು? ಅಟ್ಟದ ಮೇಲೆ ಆ ಕಾಲದ ‘ಸತ್ತ’ ಬೋರ್ಡು ಬಿದ್ದಿದ್ದರೆ ಅದರ ಸಂಖ್ಯೆ ನೋಡಿಸಿ. 0000 ಇದ್ದರೆ, ಲಿನಕ್ಸ್ ಬಲ್ಲ ಹುಡುಗರು 6001 ಎಂದು ಮತ್ತೆ ಬರೆದು ಬದುಕಿಸಿಯಾರು. 2014ರ ಬಳಿಕದ ಲಿನಕ್ಸ್, ಸಂಖ್ಯೆ ಕಳೆದುಕೊಂಡ ಚಿಪ್ಪನ್ನೂ ಗುರುತಿಸುತ್ತದೆ.

ಪ್ರೊಲಿಫಿಕ್ ಚಿಪ್ಪಿನ ಕಥೆ ಸ್ವಲ್ಪ ಬೇರೆ. ಅಲ್ಲಿ ನಕಲಿಗೆ ಮಾತ್ರವಲ್ಲ, ಅಸಲಿಯಾದರೂ ಹಳೆಯದಾದ ಪಿ.ಎಲ್. 2303 ಎಚ್.ಎಕ್ಸ್.ಎ. ಚಿಪ್ಪಿಗೂ ಹೊಸ ಡ್ರೈವರ್ ಕೈಕೊಟ್ಟಿದೆ. ‘2012ರಿಂದ ನಿಲ್ಲಿಸಲಾಗಿದೆ, ನಿಮ್ಮ ಮಾರಾಟಗಾರರನ್ನು ಕಾಣಿರಿ’ ಎಂಬರ್ಥದ ಸಾಲು ಬೋರ್ಡಿನ ಹೆಸರಿನ ಜಾಗದಲ್ಲೇ ಕಾಣಿಸುತ್ತದೆ. ಹಳೆಯ ಡ್ರೈವರ್ ಹಾಕಿದರೆ ಹೆಚ್ಚಾಗಿ ಓಡುತ್ತದೆ. ಅದಕ್ಕೂ ಒಪ್ಪದೆ, ವಿಂಡೋಸಿನ ರಕ್ಷಣಾ ವ್ಯವಸ್ಥೆಯನ್ನೇ ಆರಿಸಿ ಒಳನುಗ್ಗಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಬ್ಯಾಂಕಿನ ವ್ಯವಹಾರವೂ ಅದೇ ಕಂಪ್ಯೂಟರಿನಲ್ಲಿ ನಡೆಯುವುದಾದರೆ ಕೆಲವು ನೂರು ರೂಪಾಯಿಯ ಹೊಸ ಪರಿವರ್ತಕ ಕೊಳ್ಳುವುದೇ ಮೇಲು.

ಪರಿವರ್ತಕ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಲು ಒಂದು ಸುಲಭ ಪರೀಕ್ಷೆಯಿದೆ. ಒಂಬತ್ತು ಸೂಜಿಯ ಪರಿವರ್ತಕವಾದರೆ ಅದನ್ನು ಬೋರ್ಡಿನಿಂದ ಬಿಡಿಸಿ, 2 ಮತ್ತು 3ನೆಯ ಸೂಜಿಗಳನ್ನು ಸಣ್ಣ ತಂತಿಯಿಂದ ಕೂಡಿಸಿ. ಹೇಳುವ ಸೂಜಿಯನ್ನು ಕೇಳುವ ಸೂಜಿಗೆ ಕಟ್ಟಿದಂತಾಯಿತು. ‘ಪುಟ್ಟಿ’ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಆ ಪೋರ್ಟನ್ನು ತೆರೆದು ಏನಾದರೂ ಟೈಪು ಮಾಡಿದರೆ ಬಾವಿಯೊಳಗೆ ಕೂಗಿದಂತೆ ಅದೇ ಅಕ್ಷರ ಮರಳಿ ಬರಬೇಕು; ತಂತಿ ತೆಗೆದರೆ ನಿಲ್ಲಬೇಕು. ಹಾಗೆ ಬಂದು ಹಾಗೆ ನಿಂತರೆ ಡ್ರೈವರೂ ಸರಿ, ಪರಿವರ್ತಕವೂ ಸರಿ. ದೋಷ ಮುಂದಿನ ಬೋರ್ಡಿನಲ್ಲಿ ಅಥವಾ ಪ್ರೋಗ್ರಾಮಿನಲ್ಲಿ.

ಡ್ರೈವರಿನ ದೋಷವಲ್ಲದಿದ್ದರೂ ಅದರಂತೆಯೇ ಕಾಣುವುದು ಇನ್ನೊಂದಿದೆ. ಬೋರ್ಡು ಕೆಲಕಾಲ ಓಡಿ ತಾನಾಗಿ ಸುಮ್ಮನಾದರೆ, ವಿದ್ಯುತ್ ಉಳಿಸಲು ಕಂಪ್ಯೂಟರು ಯು.ಎಸ್.ಬಿ. ತೂತಿಗೆ ನಿದ್ದೆ ಬರಿಸುತ್ತಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ‘ಯು.ಎಸ್.ಬಿ. ರೂಟ್ ಹಬ್’ ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಹಾಳೆಯಲ್ಲಿರುವ ಗುರುತನ್ನು ತೆಗೆದರೆ ಸಾಕು.

ಬೇಸಿಗೆಗೆ ಮುನ್ನ

ನೀರಿನ ಕಾಲ ಶುರುವಾಗುವ ಮೊದಲೇ, ಎಲ್ಲವೂ ಓಡುತ್ತಿರುವಾಗ, ಈಗಿನ ಡ್ರೈವರಿನ ಕಡತವನ್ನು ಪೆನ್‌ಡ್ರೈವಿನಲ್ಲಿ ತೆಗೆದಿಡಿ. ‘ಡಿವೈಸ್ ಇನ್‌ಸ್ಟಲೇಷನ್ ಸೆಟ್ಟಿಂಗ್ಸ್’ ಎಂಬಲ್ಲಿ ತಾನಾಗಿ ತರುವುದು ಬೇಡವೆಂದು ಗುರುತು ಹಾಕಿ. ಅಪ್‌ಡೇಟನ್ನೇ ಕೆಲವು ವಾರ ಮುಂದೂಡುವ ಅನುಕೂಲ ವಿಂಡೋಸಿನಲ್ಲೇ ಇದೆ. ಕಾಫಿಗೆ ಹೂವಿನ ನೀರು ಕೊಡುವ ದಿನಗಳಿಗೆ ಅದನ್ನು ಹೊಂದಿಸಿಕೊಳ್ಳಬಹುದು. ಶಾಶ್ವತವಾಗಿ ನಿಲ್ಲಿಸುವುದು ಮಾತ್ರ ತರವಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಕಂಪ್ಯೂಟರನ್ನು ಪಂಪಿಗೆಂದೇ ಇಟ್ಟುಕೊಳ್ಳುವವರು ಅದರ ಇಂಟರ್‌ನೆಟ್ ಸಂಬಂಧ ಕಡಿಯುವುದು ಕ್ಷೇಮ.

ಇದಕ್ಕಿಂತ ಮೇಲಾದ ಉಪಾಯವೆಂದರೆ ವೇಳಾಪಟ್ಟಿಯನ್ನು ಕಂಪ್ಯೂಟರಿನಲ್ಲಿಡದೆ ಬೋರ್ಡಿನ ಒಳಗೇ ಬರೆಸುವುದು. ಗಡಿಯಾರದ ಸಣ್ಣ ಚಿಪ್ಪೊಂದನ್ನು ಜೋಡಿಸಿದರೆ ಬೋರ್ಡು ತಾನೇ ಹೊತ್ತು ನೋಡಿ ಪಂಪು ಹಚ್ಚುತ್ತದೆ, ಆರಿಸುತ್ತದೆ. ಕಂಪ್ಯೂಟರು ಆಗ ಲೆಕ್ಕ ನೋಡುವುದಕ್ಕೆ ಮಾತ್ರ; ಅದು ರಾತ್ರಿಯೆಲ್ಲ ಅಪ್‌ಡೇಟ್ ಮಾಡಿಕೊಳ್ಳುತ್ತ ಕೂತರೂ ತೋಟಕ್ಕೆ ನೀರು ಹೋಗುತ್ತಿರುತ್ತದೆ. ಬೋರ್ಡು ಕಟ್ಟಿಕೊಟ್ಟ ಹುಡುಗನಿಗೆ ಇದು ಒಂದು ದಿನದ ಕೆಲಸ.

ಅವನು ಬಂದಾಗಲೇ ಒಂದು ಚೀಟಿ ಬರೆಸಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ: ಚಿಪ್ಪಿನ ಹೆಸರು, ಹಾರ್ಡ್‌ವೇರ್ ಐಡಿ, ಕಾಮ್ ಸಂಖ್ಯೆ, ಡ್ರೈವರಿನ ತಾರೀಖು, ತಂತಿ ಚುಚ್ಚಿದ ತೂತು ಯಾವುದು, ಯಾವ ರಿಲೇ ಯಾವುದಕ್ಕೆ. ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೆ, ಬೋರ್ಡು ನೋಡಲು ಬರುವ ಬೇರೆಯವರಿಗೆ ಆ ಚೀಟಿಯೇ ಬೇಕಾಗುತ್ತದೆ.