ಬೆಂಗಳೂರಿನಲ್ಲಿ ಗೆದ್ದ ಹೈದರಾಬಾದ್ ಪೊಲೀಸರು

ಫುಟ್‌ಬಾಲ್ ಆಟ ನಿಮಗೆಲ್ಲ ಗೊತ್ತು. ಇದನ್ನು ಕಾಲ್ಚೆಂಡಾಟ ಎಂದೂ ಕರೆಯುತ್ತೇವೆ. ಒಂದು ತಂಡದಲ್ಲಿ ಹನ್ನೊಂದು ಆಟಗಾರರು ಇರುತ್ತಾರೆ. ಪಸ್ತಾಪುರದ ಬಯಲಿನಲ್ಲಿ ಆಡಿದರೂ ದಿಲ್ಲಿಯ ಮೈದಾನದಲ್ಲಿ ಆಡಿದರೂ ನಿಯಮ ಒಂದೇ. ಆಳುವವರಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ಎಂಬುದು ಅಲ್ಲಿಲ್ಲ. ಇದರ ಬೆಲೆ ತಿಳಿಯಲು ನಾವು 1943ನೆಯ ವರ್ಷಕ್ಕೆ ಹೋಗೋಣ.

ಆಗ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ಸಹ ಅದೇ ಸಂಸ್ಥಾನಕ್ಕೆ ಸೇರಿದ್ದವು. 1939ರಲ್ಲಿ ಆರಂಭವಾದ ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. 1942ರಲ್ಲಿ ಜಪಾನಿನ ಸೈನ್ಯವು ನಮ್ಮ ನೆರೆಯ ಬರ್ಮಾ ದೇಶವನ್ನು ಹಿಡಿದಿತ್ತು.

ಯುದ್ಧದಿಂದ ಆಟಗಳಿಗೂ ಅಡ್ಡಿಯಾಯಿತು. 1888ರಿಂದ ನಡೆಯುತ್ತಿದ್ದ ಡ್ಯುರಾಂಡ್ ಕಪ್ ಫುಟ್‌ಬಾಲ್ ಪಂದ್ಯಾವಳಿ 1940ರ ನಂತರ ನಿಂತುಹೋಯಿತು. ಅದು ಮತ್ತೆ ನಡೆದದ್ದು 1950ರಲ್ಲಿ.

ಆದರೆ ಬೆಂಗಳೂರಿನಲ್ಲಿ ಚೆಂಡು ಉರುಳುತ್ತಲೇ ಇತ್ತು. ಆ ಊರಿನಲ್ಲಿ ದೊಡ್ಡ ದಂಡುಪ್ರದೇಶವಿತ್ತು. 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ದುರಸ್ತಿಯೂ ನಡೆಯುತ್ತಿತ್ತು. ಅಲ್ಲಿ ಆಶ್ ಗೋಲ್ಡ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. 1943ರಲ್ಲಿ ಹೈದರಾಬಾದ್ ನಗರ ಪೊಲೀಸರ ತಂಡ ಅದರಲ್ಲಿ ಆಡಲು ಬಂದಿತು. ಎದುರಿಗಿದ್ದದ್ದು ಬ್ರಿಟಿಷರ ರಾಯಲ್ ಏರ್ ಫೋರ್ಸ್, ಅಂದರೆ ವಾಯುಸೇನೆಯ ತಂಡ. ಮೈದಾನದ ಹೊರಗೆ ದೇಶವನ್ನು ಆಳುತ್ತಿದ್ದವರು ಬ್ರಿಟಿಷರು. ಮೈದಾನದ ಒಳಗೆ ಎರಡೂ ಕಡೆ ಹನ್ನೊಂದೇ ಜನ. ನಮ್ಮ ಪೊಲೀಸರು ವಾಯುಸೇನೆಯ ತಂಡವನ್ನು ಸೋಲಿಸಿ ಕಪ್ ಗೆದ್ದರು.

ಇಂತಹ ಆಟ ಒಂದು ದಿನದಲ್ಲಿ ಬರುವುದಿಲ್ಲ. ಹೈದರಾಬಾದಿನಲ್ಲಿ ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಶಿಕ್ಷಕರಿದ್ದರು. ಎಲ್ಲರೂ ಅವರನ್ನು ‘ರಹೀಂ ಸಾಹೇಬ್’ ಎನ್ನುತ್ತಿದ್ದರು. ಅವರು ಆ ನಗರದ ಫುಟ್‌ಬಾಲ್ ಬೆಳೆಯಲು ಬಹಳ ಶ್ರಮಿಸಿದರು. ಬಲಗಾಲಿನಿಂದ ಚೆನ್ನಾಗಿ ಒದೆಯುವವನಿಗೆ ಎಡಗಾಲು ಸೋಮಾರಿಯಾಗಿರುತ್ತದೆ ಅಲ್ಲವೇ? ಅದಕ್ಕಾಗಿ ಅವರು ಅಭ್ಯಾಸವಿಲ್ಲದ ಕಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನು ಏರ್ಪಡಿಸಿದರು. ಚೆಂಡನ್ನು ಒಬ್ಬನೇ ತಳ್ಳಿಕೊಂಡು ಓಡದೆ ಜೊತೆಗಾರನಿಗೆ ಕೊಡಬೇಕೆಂಬ ಪಂದ್ಯಗಳನ್ನೂ ನಡೆಸಿದರು. ಹೀಗೆ ಆಟಗಾರರು ತಮ್ಮ ಕೊರತೆಯನ್ನು ತಿದ್ದಿಕೊಳ್ಳಲು ಕಲಿತರು. ಹಂಚಿಕೊಂಡು ಆಡುವುದನ್ನೂ ಕಲಿತರು.

1950ರಲ್ಲಿ ಡ್ಯುರಾಂಡ್ ಕಪ್ ಮತ್ತೆ ಆರಂಭವಾದಾಗ ಹೈದರಾಬಾದ್ ಪೊಲೀಸರು ಅಂತಿಮ ಪಂದ್ಯಕ್ಕೆ ಬಂದರು. ಕೋಲ್ಕತ್ತದ ಹೆಸರಾಂತ ಮೋಹನ್ ಬಗಾನ್ ತಂಡದೊಡನೆ ಆಡಿದ ಆ ಪಂದ್ಯ 2–2 ಗೋಲುಗಳಿಂದ ಸಮವಾಯಿತು. ಪಂದ್ಯವನ್ನು ಮತ್ತೆ ಆಡಿಸಿದಾಗ ಪೊಲೀಸರು 1–0 ಗೋಲಿನಿಂದ ಗೆದ್ದರು. ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ಸಲ ಗೆದ್ದರು.

ರಹೀಂ ಸಾಹೇಬರು ಭಾರತ ತಂಡಕ್ಕೂ ತರಬೇತಿ ನೀಡಿದರು. ಅವರ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕ ಪಡೆಯಿತು. ಎರಡನೆಯ ಸಲ ಜಕಾರ್ತಾದಲ್ಲಿ ತಂಡವನ್ನು ನಡೆಸುವಾಗ ಅವರಿಗೆ ಕ್ಯಾನ್ಸರ್ ರೋಗವಿತ್ತು. ಆದರೂ ಅವರು ಕೆಲಸ ಬಿಡಲಿಲ್ಲ. 1963ರ ಜೂನ್ 11ರಂದು ಅವರು ತೀರಿಕೊಂಡರು.

ಬಲಗಾಲಿನವನು ಎಡಗಾಲನ್ನೂ ಪಳಗಿಸಬೇಕು. ಓದಿನಲ್ಲಿಯೂ ಹಾಗೆಯೇ. ಬರುವ ಪಾಠವನ್ನೇ ಮತ್ತೆ ಮತ್ತೆ ಓದುವುದು ಸುಲಭ. ಬಾರದ ಪಾಠದ ಮುಂದೆ ಕುಳಿತುಕೊಳ್ಳುವವನೇ ಮುಂದೆ ಬರುತ್ತಾನೆ.

ಹೊಸ ಪದಗಳು
ಸಂಸ್ಥಾನ – ರಾಜರು ಆಳುತ್ತಿದ್ದ ರಾಜ್ಯ
ದಂಡುಪ್ರದೇಶ – ಸೈನಿಕರು ನೆಲೆಸುವ ಜಾಗ
ಸತತ – ಬಿಡದೆ, ಒಂದರ ಹಿಂದೆ ಒಂದು
ಪಳಗಿಸು – ರೂಢಿ ಮಾಡಿಸು

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹೈದರಾಬಾದ್ ಪೊಲೀಸರು 1943ರಲ್ಲಿ ಯಾವ ಕಪ್ ಗೆದ್ದರು?
2. ರಹೀಂ ಸಾಹೇಬರ ಉದ್ಯೋಗ ಯಾವುದು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಭ್ಯಾಸವಿಲ್ಲದ ಕಾಲಿನಿಂದ ಆಡಿಸಿದ್ದರಿಂದ ಆಟಗಾರರಿಗೆ ಏನು ಪ್ರಯೋಜನವಾಯಿತು?
2. ‘ಮೈದಾನದ ಒಳಗೆ ಎರಡೂ ಕಡೆ ಹನ್ನೊಂದೇ ಜನ’ – ಈ ಮಾತಿನ ಅರ್ಥವೇನು?

ಇ) ಮಾಡಿ ನೋಡಿರಿ.
ನಿಮಗೆ ಕಷ್ಟವೆನಿಸುವ ಒಂದು ಕೆಲಸವನ್ನು ಒಂದು ವಾರ ಅಭ್ಯಾಸ ಮಾಡಿ, ಏನು ಬದಲಾಯಿತೆಂದು ಬರೆಯಿರಿ.