ಕಡಿಮೆ ಬೆಲೆಯ ಚಾಕು: ಬೆಲೆ, ಬಾಳಿಕೆ ಮತ್ತು ಲೆಕ್ಕ

ಗೋಣಿಚೀಲದ ಹೊಲಿಗೆ ಬಿಚ್ಚಲು, ರಟ್ಟಿನ ಪೆಟ್ಟಿಗೆ ತೆರೆಯಲು, ಹಗ್ಗ ಕತ್ತರಿಸಲು, ರಬ್ಬರ್ ಹಾಳೆ ಕೊಯ್ಯಲು ಪ್ರತಿಯೊಂದು ಗೋದಾಮು ಹಾಗೂ ಕಾರ್ಖಾನೆಯಲ್ಲಿಯೂ ಸಣ್ಣ ಚಾಕು ಬೇಕು. ಯಂತ್ರ ಕೊಳ್ಳುವಾಗ ಮೂರು ಕಡೆಯಿಂದ ದರಪಟ್ಟಿ ತರಿಸುವ ಉದ್ದಿಮೆದಾರರು ಚಾಕುವನ್ನು ಮಾತ್ರ ಎಲ್ಲಕ್ಕಿಂತ ಕಡಿಮೆ ಬೆಲೆ ಹೇಳಿದ ಅಂಗಡಿಯಲ್ಲಿ ಡಜನ್‌ಗಟ್ಟಲೆ ಕೊಳ್ಳುವುದು ವಾಡಿಕೆ. ಮೊತ್ತ ಸಣ್ಣದೆಂಬುದೇ ಇದಕ್ಕೆ ಕಾರಣ. ಆದರೆ ಮೊಂಡಾದ ಚಾಕುವಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಬಲ ಹಾಕಿದಾಗ ಅದು ಜಾರುತ್ತದೆ. ಜಾರಿದ ಚಾಕು ಕೆಲಸಗಾರನ ಕೈಯನ್ನೇ ಕೊಯ್ಯುತ್ತದೆ. ಆದುದರಿಂದ ಈ ಸಣ್ಣ ಖರೀದಿಯೂ ವಿಚಾರಾರ್ಹವಾಗಿದೆ.

ಅಗ್ಗವಾದುದೆಲ್ಲ ಕಳಪೆಯಲ್ಲ

ಸ್ವೀಡನ್ ದೇಶದ ಮೋರಾ ಪಟ್ಟಣದ ಬಳಿಯ ಓಸ್ಟ್‌ನೋರ್ ಗ್ರಾಮದಲ್ಲಿ 1891ರಲ್ಲಿ ಆರಂಭವಾದ ಚಾಕು ತಯಾರಿಕೆ ಈ ವಿಷಯದಲ್ಲಿ ಉತ್ತಮ ನಿದರ್ಶನ. ಅಲ್ಲಿನ ಎರಡು ಸಂಸ್ಥೆಗಳು 2005ರಲ್ಲಿ ಒಂದುಗೂಡಿದವು. ಇಂದು ಅವುಗಳ ಸರಕು ಮೋರಾಕ್ನಿವ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಇದರ ‘ಕಂಪ್ಯಾನಿಯನ್’ ಮಾದರಿಯ ಚಾಕು ಮಡಚುವಂಥದ್ದಲ್ಲ. ಸುಮಾರು 10 ಸೆಂ.ಮೀ. ಉದ್ದದ, 2.5 ಮಿ.ಮೀ. ದಪ್ಪದ ಅಲಗು ಹಿಡಿಯಲ್ಲಿ ಸ್ಥಿರವಾಗಿ ಕೂತಿರುತ್ತದೆ. ಸ್ಥಿರ ಅಲಗಿನ ಚಾಕುಗಳ ಪೈಕಿ ಇದರ ಬೆಲೆ ಕಡಿಮೆ.

ತಯಾರಕನು ಉಳಿತಾಯ ಮಾಡಿರುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಹಿಡಿ ಮತ್ತು ಒರೆ ಪ್ಲಾಸ್ಟಿಕ್ಕಿನವು. ಹಿಡಿಯ ಒಳಗೆ ಹೋಗುವ ಅಲಗಿನ ಬಾಲ ಹಿಡಿಯ ತುದಿಯವರೆಗೆ ತಲುಪುವುದಿಲ್ಲ. ಅಲಂಕಾರವೆಂಬುದಿಲ್ಲ. ಆದರೆ ಉಕ್ಕಿನಲ್ಲಿ ಮತ್ತು ಅದಕ್ಕೆ ಹದ ಕೊಡುವುದರಲ್ಲಿ ಉಳಿತಾಯ ಮಾಡಿಲ್ಲ. ಇದರ ಸ್ಟೇನ್‌ಲೆಸ್ ಮಾದರಿಗೆ ಬಳಸುವ 12ಸಿ27 ಉಕ್ಕಿನಲ್ಲಿ ಸುಮಾರು ಶೇ. 0.6ರಷ್ಟು ಇಂಗಾಲ, ಶೇ. 13.5ರಷ್ಟು ಕ್ರೋಮಿಯಂ ಇರುತ್ತದೆ. ಅಂದರೆ ಕೊಯ್ಯುವ ಕೆಲಸಕ್ಕೆ ಬೇಕಾದುದನ್ನು ಉಳಿಸಿಕೊಂಡು, ಬೇಡವಾದುದನ್ನು ಬಿಡಲಾಗಿದೆ. ಕಳಪೆ ಚಾಕುವಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಹಿಡಿ ಹೊಳೆಯುತ್ತದೆ, ಅಲಗು ಮೆದುವಾಗಿರುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವ ಮೊದಲು ಎರಡು ಮೂರು ಚಾಕುಗಳನ್ನು ಮಾದರಿಯಾಗಿ ತಂದು ಈ ಕೆಳಗಿನಂತೆ ಪರೀಕ್ಷಿಸಬಹುದು.

1. ಆಯಸ್ಕಾಂತ: ‘ಸ್ಟೇನ್‌ಲೆಸ್’ ಎಂಬ ಮುದ್ರೆಯೊಂದರಿಂದ ಏನೂ ತಿಳಿಯದು. ಪಾತ್ರೆ ತಯಾರಿಕೆಗೆ ಬಳಸುವ 304 ದರ್ಜೆಯ ಉಕ್ಕು ಕಾಯಿಸಿ ಅದ್ದಿದರೂ ಗಡಸಾಗುವುದಿಲ್ಲ. ಅದಕ್ಕೆ ಆಯಸ್ಕಾಂತ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಆಯಸ್ಕಾಂತ ಹಿಡಿಯದ ಚಾಕುವನ್ನು ಬಿಡುವುದೇ ಲೇಸು. ಆದರೆ ಹಿಡಿದ ಮಾತ್ರಕ್ಕೆ ಅದು ಉತ್ತಮವೆಂದೂ ಅರ್ಥವಲ್ಲ.

2. ಅರ: ಫಿಟ್ಟರ್ ಬಳಸುವ ಅರದಿಂದ ಬಾಯಿಯ ಬುಡದ ಬಳಿ ಮೆಲ್ಲನೆ ಉಜ್ಜಬೇಕು. ಅರವು ಸಲೀಸಾಗಿ ಕಚ್ಚಿದರೆ ಉಕ್ಕು ಮೆದು. ಕಷ್ಟಪಟ್ಟು ಕಚ್ಚಿದರೆ ಗಡಸು.

3. ಹಿತ್ತಾಳೆ ಸಲಾಕೆ: ಚಾಕುವಿನ ಬಾಯಿಯನ್ನು ಸಲಾಕೆಯ ಮೇಲೆ ಓರೆಯಾಗಿಟ್ಟು ಹಗುರವಾಗಿ ಒತ್ತಿದಾಗ ಅಂಚು ಬಾಗಿ ಮರಳಿದರೆ ಹದ ಸರಿಯಿದೆ. ಬಾಗಿದಂತೆಯೇ ಉಳಿದರೆ ಮೆದು, ಚಕ್ಕೆ ಎದ್ದರೆ ಅತಿ ಗಡಸು.

4. ಹಿಡಿ: ಅಲಗು ಹಿಡಿಯಲ್ಲಿ ಕಿಂಚಿತ್ತೂ ಅಲುಗಾಡಬಾರದು. ಎಣ್ಣೆ ಅಥವಾ ನೀರು ತಾಗಿದ ಕೈಯಿಂದಲೂ ಜಾರಬಾರದು.

5. ಒರೆ: ತಲೆಕೆಳಗು ಮಾಡಿದಾಗಲೂ ಚಾಕು ಬೀಳಬಾರದು.

ಸ್ಟೇನ್‌ಲೆಸ್ ಅಲ್ಲದ ಇಂಗಾಲದ ಉಕ್ಕಿನ ಚಾಕು ಸಾಣೆಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಆದರೆ ಹುಣಿಸೆ, ನಿಂಬೆ, ಉಪ್ಪು ತಾಗುವ ಕಡೆ ಬೇಗ ತುಕ್ಕು ಹಿಡಿಯುತ್ತದೆ. ಕೆಲಸವನ್ನು ನೋಡಿ ಉಕ್ಕನ್ನು ಆರಿಸಬೇಕು.

ನಿಜವಾದ ವೆಚ್ಚ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ‘ಅ’ ಚಾಕುವಿನ ಬೆಲೆ ರೂ. 60, ಬಾಳಿಕೆ 3 ತಿಂಗಳು. ‘ಆ’ ಚಾಕುವಿನ ಬೆಲೆ ರೂ. 300, ಬಾಳಿಕೆ 2 ವರ್ಷ. ವಾರ್ಷಿಕ ಖರೀದಿ ವೆಚ್ಚ ಕ್ರಮವಾಗಿ ರೂ. 240 ಮತ್ತು ರೂ. 150. ವ್ಯತ್ಯಾಸ ಕೇವಲ ರೂ. 90.

ಈಗ ಸಮಯವನ್ನೂ ಸೇರಿಸಬೇಕು. ಎಂಟು ಗಂಟೆಗೆ ರೂ. 600 ಕೂಲಿಯಾದರೆ ಗಂಟೆಗೆ ರೂ. 75. ‘ಅ’ ಚಾಕುವನ್ನು ಮಸೆಯಲು ದಿನಕ್ಕೆ 10 ನಿಮಿಷ, ‘ಆ’ ಚಾಕುವಿಗೆ 4 ನಿಮಿಷ ಹಿಡಿದರೆ, 300 ದಿನಗಳಲ್ಲಿ ಆಗುವ ಕೂಲಿ ವೆಚ್ಚ ರೂ. 3,750 ಮತ್ತು ರೂ. 1,500. ಒಟ್ಟು ವೆಚ್ಚ ‘ಅ’ಗೆ ರೂ. 3,990, ‘ಆ’ಗೆ ರೂ. 1,650. ಖರೀದಿ ಬಿಲ್ಲಿನಲ್ಲಿ ಅಗ್ಗವಾಗಿ ಕಂಡ ಚಾಕು ಪ್ರತಿ ಕೆಲಸಗಾರನ ಲೆಕ್ಕದಲ್ಲಿ ವರ್ಷಕ್ಕೆ ರೂ. 2,340 ಹೆಚ್ಚು ತಿನ್ನುತ್ತದೆ. ಉಳಿದ ಸಮಯ ಉತ್ಪಾದನೆಗೆ ಬಳಕೆಯಾದಾಗ ಮಾತ್ರ ಇದು ನಿಜವಾದ ಉಳಿತಾಯವೆಂಬುದನ್ನು ಮರೆಯಬಾರದು.

ಕಳೆದುಹೋಗುವ ಚಾಕುವಿಗೆ ಬಾಳಿಕೆಯಿಲ್ಲ

ಚಾಕು ಸವೆಯುವ ಮುನ್ನವೇ ಕಳೆದುಹೋಗುವ ಸ್ಥಳದಲ್ಲಿ ಮೇಲಿನ ಲೆಕ್ಕ ಬುಡಮೇಲಾಗುತ್ತದೆ. ತಿಂಗಳಿಗೊಂದು ಚಾಕು ಕಾಣೆಯಾಗುವ ಗೋದಾಮಿನಲ್ಲಿ ರೂ. 300ರ ಚಾಕುವಿನ ಬಾಳಿಕೆಯೂ ಒಂದೇ ತಿಂಗಳು. ಇಂತಹ ಸಣ್ಣ ಉಪಕರಣಗಳನ್ನು ಸಾಮಾನ್ಯವಾಗಿ ಕೊಂಡ ವರ್ಷವೇ ಖರ್ಚಿಗೆ ಹಾಕುವುದರಿಂದ ಲೆಕ್ಕಪುಸ್ತಕದಲ್ಲಿ ಅವುಗಳ ಸುಳಿವು ಉಳಿಯುವುದಿಲ್ಲ. ಆದುದರಿಂದ ಚಾಕುವಿಗೆ ಕ್ರಮಸಂಖ್ಯೆ ಕೆತ್ತಿ, ಕೊಟ್ಟ ದಿನಾಂಕ ಮತ್ತು ಪಡೆದವರ ಹೆಸರನ್ನು ಒಂದು ವಹಿಯಲ್ಲಿ ಬರೆಯಬೇಕು. ಹಳೆಯದನ್ನು ಹಿಂತಿರುಗಿಸಿದ ಮೇಲೆಯೇ ಹೊಸದನ್ನು ಕೊಡಬೇಕು. ಒಂದು ವರ್ಷದ ನಂತರ ಆ ವಹಿಯೇ ಯಾವ ಚಾಕು ಎಷ್ಟು ದಿನ ಬಾಳಿತೆಂಬುದನ್ನು ಅಂಗಡಿಯವನ ಮಾತಿಗಿಂತ ಖಚಿತವಾಗಿ ತಿಳಿಸುತ್ತದೆ.

ಒಳ್ಳೆಯ ಚಾಕುವನ್ನೂ ಒಣ ಗ್ರೈಂಡಿಂಗ್ ಚಕ್ರಕ್ಕೆ ಬಲವಾಗಿ ಒತ್ತಿ ಮಸೆದರೆ ಅಂಚು ನೀಲಿ ಬಣ್ಣಕ್ಕೆ ತಿರುಗಿ ಹದ ಕೆಡುತ್ತದೆ. ನೀರು ಹಾಕಿದ ಸಾಣೆಕಲ್ಲೇ ಸುರಕ್ಷಿತ. ಹಾಗೆಯೇ ಚಾಕುವನ್ನು ಮೀಟುಗೋಲಿನಂತೆ ಬಳಸಿ ಪೆಟ್ಟಿಗೆಯ ಮೊಳೆ ಕೀಳಬಾರದು. ಗಿಡ್ಡ ಬಾಲದ ಚಾಕು ಅದಕ್ಕಾಗಿ ಮಾಡಿದ್ದಲ್ಲ.

ಈ ಪಾಠ ಖರೀದಿದಾರನಿಗೆ ಮಾತ್ರವಲ್ಲ, ತಯಾರಕನಿಗೂ ಅನ್ವಯಿಸುತ್ತದೆ. ಪೈಪೋಟಿಯ ಒತ್ತಡದಲ್ಲಿ ಸರಕಿನ ಬೆಲೆ ಇಳಿಸಬೇಕಾದಾಗ, ಗ್ರಾಹಕನ ಕೆಲಸಕ್ಕೆ ಬೇಡವಾದ ಭಾಗದಲ್ಲಿ ಕಡಿತ ಮಾಡಿದವನ ಸರಕು ಅಗ್ಗವಾಗಿಯೂ ಹೆಸರು ಉಳಿಸಿಕೊಳ್ಳುತ್ತದೆ. ಅವನ ಕಣ್ಣಿಗೆ ಕಾಣದ, ಆದರೆ ಕೆಲಸಕ್ಕೆ ಬೇಕಾದ ಭಾಗದಲ್ಲಿ ಕಡಿತ ಮಾಡಿದವನಿಗೆ ಎರಡನೆಯ ಬಾರಿ ಆರ್ಡರ್ ಬರುವುದಿಲ್ಲ.