ಹೊಸ್ತಿಲಿಗೊಂದು ಗೆರೆ, ಅಜ್ಜಿಯ ಕೈಗೊಂದು ಕುಂಚ

1904ರಲ್ಲಿ ಕುವೆಂಪು ಹುಟ್ಟಿದ್ದು ಮಲೆನಾಡಿನಲ್ಲಿರುವ ತಾಯಿಯ ತವರೂರು ಹಿರೇಕೊಡಿಗೆಯಲ್ಲಿ. ಇಲ್ಲೂ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಜಗಲಿ, ತೊಟ್ಟಿ, ಕೆಂಪು ಕಾವಿ ನೆಲ, ಎತ್ತರದ ಹೊಸ್ತಿಲಿನ ಮನೆಗಳು ಇನ್ನೂ ಉಳಿದಿವೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ಹಿರಿಯರಿಬ್ಬರೇ. ಅವರು ಇದೇ ಮನೆಯಲ್ಲಿ ನಿರ್ಭಯವಾಗಿ ಓಡಾಡಿಕೊಂಡಿರಲು ಗೋಡೆ ಒಡೆಯಬೇಕಿಲ್ಲ. ಬಣ್ಣ, ಗೆರೆಗಳಿಂದಲೇ ಬಹಳಷ್ಟು ಆಗುತ್ತದೆ.

ಮೊದಲು ಮುಸ್ಸಂಜೆ ಹೊತ್ತು ಹಿರಿಯರ ಜೊತೆ ಮನೆಯೆಲ್ಲ ಒಂದು ಸುತ್ತು ನಡೆಯಿರಿ. ಅವರ ಕೈ ಎಲ್ಲಿ ಗೋಡೆ ಹುಡುಕುತ್ತದೆ, ಕಾಲು ಎಲ್ಲಿ ತಡವರಿಸುತ್ತದೆ ಎಂಬುದನ್ನು ಬರೆದುಕೊಳ್ಳಿ. ಅರವತ್ತರ ಕಣ್ಣಿನೊಳಗೆ ಇಳಿಯುವ ಬೆಳಕು ಇಪ್ಪತ್ತರ ಕಣ್ಣಿಗಿಂತ ಎಷ್ಟೋ ಕಡಿಮೆ. ಮಸೂರ ಹಳದಿಗಟ್ಟಿ ನೀಲಿ, ಹಸಿರು ಬೆರೆತುಹೋಗುತ್ತವೆ. ಕಾವಿ ನೆಲ, ಕಾವಿ ಮೆಟ್ಟಿಲು ಅವರಿಗೆ ಒಂದೇ ಕೆಂಪು.

ಆದ್ದರಿಂದ ಎತ್ತರ ಬದಲಾಗುವ ಕಡೆಯೆಲ್ಲ ಗೆರೆ ಬೇಕು. ಮೆಟ್ಟಿಲಿನ ಅಂಚಿಗೆ ಐದು ಸೆಂಟಿಮೀಟರ್ ಅಗಲ ಹಳದಿ ಎನಾಮೆಲ್ ಬಳಿಯಿರಿ, ಹಸಿಯಿರುವಾಗಲೇ ಸಣ್ಣ ಮರಳು ಉದುರಿಸಿದರೆ ಜಾರುವುದಿಲ್ಲ. ಮೆಟ್ಟಿಲಿನ ನೆಟ್ಟನೆಯ ಮೈ, ಬಾಗಿಲ ಚೌಕಟ್ಟಿನ ಬದಿಗಳಿಗೆ ನಮ್ಮ ಜೇಡಿ, ಕೆಮ್ಮಣ್ಣೇ ಚೆಂದ. ರಂಗೋಲಿ ಪುಡಿಯನ್ನು ಮಾತ್ರ ಕಾಲಿಡುವ ನುಣುಪು ನೆಲದ ಮೇಲೆ ಹಾಕಬೇಡಿ, ಅದು ಜಾರುತ್ತದೆ.

ಬಚ್ಚಲುಮನೆಗೆ ಹೆಚ್ಚು ಸಮಯ ಕೊಡಿ. ಬಿಳಿ ಟೈಲ್ಸ್ ಮೇಲೆ ಬಿಳಿ ಕಮೋಡ್ ಕಾಣದು. ಗಾಢ ಬಣ್ಣದ ಸೀಟು ಹಾಕಿಸಿ. ಹಿಡಿಕಂಬಿ ನೆಲದಿಂದ 80–90 ಸೆಂಟಿಮೀಟರ್ ಎತ್ತರಕ್ಕಿರಲಿ, ಗೋಡೆಯಿಂದ ನಾಲ್ಕು ಸೆಂಟಿಮೀಟರ್ ದೂರಕ್ಕಿರಲಿ, ಗೋಡೆಗೆ ಹೊಂದದ ಬಣ್ಣದ್ದಾಗಿರಲಿ. ಟವೆಲ್ ಸರಳನ್ನೇ ಹಿಡಿಕಂಬಿಯೆಂದು ನೆಚ್ಚಬೇಡಿ, ಅದು ಮೈಭಾರ ತಡೆಯುವುದಿಲ್ಲ.

ಮರೆವು ಶುರುವಾದವರ ಮನೆಯಲ್ಲಿ ಬಾಗಿಲುಗಳಿಗೆ ಚಿತ್ರ ಬರೆಯಿಸಿ: ಬಚ್ಚಲಿಗೆ ಚೊಂಬು, ಅಡುಗೆಮನೆಗೆ ಒಲೆ. ಕಡುಬಣ್ಣದ ಚಾಪೆ ಅವರಿಗೆ ಗುಂಡಿಯಂತೆ ಕಂಡು ಹೆಜ್ಜೆ ತಡೆಯಬಹುದು, ಅದನ್ನು ತೆಗೆದುಬಿಡಿ. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ ಇರಲಿ, ಕರೆಂಟು ಹೋದಾಗಲೂ ಉರಿಯುವಂಥದ್ದು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸವಷ್ಟೆ. ಬಣ್ಣ ಬಳಿಯುವ ಕೈ ಹಿರಿಯರದೇ ಆಗಿರಲಿ ಎಂಬುದು ನನ್ನ ಬಲವಾದ ಆಸೆ. ಮಲೆನಾಡಿನ ದೀವರ ಸಮುದಾಯದ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣುಗಳಿಂದ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿಯನ್ನು ಸಿಂಗರಿಸುತ್ತಾರೆ. ಆ ಗೆರೆ ಗೊತ್ತಿರುವ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ, ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಿ; ಸಂಧಿನೋವಿನ ಬೆರಳಿಗೂ ಹಿಡಿತ ಸಿಗುತ್ತದೆ. ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕಲಿಯಲಿ. ಗಂಡಸರಿಗೆ ಬೆತ್ತದ ಬುಟ್ಟಿ, ಮರಗೆಲಸ ಒಲಿದಿದ್ದರೆ ಅದನ್ನೇ ಕೊಡಿ, ಚಿತ್ರಕ್ಕೆ ಒತ್ತಾಯ ಬೇಡ.

ಇನ್ನು ಅಂಗಳ. ಮಳೆಗಾಲದ ಪಾಚಿಗೆ ಬಣ್ಣ ಉಪಯೋಗವಿಲ್ಲ. ಉಜ್ಜಿ ತೆಗೆದು, ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಸಿ, ಅಲುಗದಂತೆ ಬಿಗಿಯಿರಿ. ಮನೆಯನ್ನು ಎಷ್ಟೇ ತಿದ್ದಿದರೂ ಪದೇಪದೇ ಬೀಳುವವರನ್ನೂ ತಲೆ ತಿರುಗುವವರನ್ನೂ ವೈದ್ಯರಿಗೆ ತೋರಿಸಿ. ಹಿರಿಯರ ಉಚಿತ ಸಹಾಯವಾಣಿ 14567. ಅದನ್ನು ದಪ್ಪಕ್ಷರದಲ್ಲಿ ಫೋನಿನ ಮೇಲಿನ ಗೋಡೆಗೆ ಬರೆದಿಡಿ.

ಎನಾಮೆಲ್ ಒದ್ದೆ ನೆಲಕ್ಕೆ ಹಿಡಿಯದು. ಹಾಗಾಗಿ ಬಳಿಯುವ ಕೆಲಸ ಮಳೆ ಹಿಡಿಯುವ ಮೊದಲು, ಮೇ ತಿಂಗಳೊಳಗೆ ಮುಗಿಯಲಿ.